ಜೂನ್ 1ರಂದು ಹುಟ್ಟಿದವರು

ನಮ್ಮ ಹುಲಕೋಟಿಯ ಸುತ್ತಮುತ್ತ ಅರವತ್ತು ದಾಟಿದವರ ಶಾಲಾ ದಾಖಲೆಗಳನ್ನು ತೆರೆದು ನೋಡಿದರೆ ಎಷ್ಟೋ ಮಂದಿ ಜೂನ್ 1ರಂದೇ ಜನಿಸಿದ್ದಾರೆ. ಇದು ಗ್ರಹಗತಿಯ ವಿಚಿತ್ರವಲ್ಲ. ಮಗನನ್ನು ಶಾಲೆಗೆ ಹಚ್ಚಲು ಬಂದ ತಂದೆಗೆ ತಾರೀಖು ತಿಳಿದಿರುತ್ತಿರಲಿಲ್ಲ. "ದೊಡ್ಡ ಮಳಿ ಆದ ವರ್ಷ ಹುಟ್ಟ್ಯಾನ್ರಿ ಗುರುಗಳ" ಎನ್ನುತ್ತಿದ್ದ. ಶಾಲೆ ಆರಂಭವಾಗುವ ತಿಂಗಳ ಮೊದಲ ದಿನವನ್ನೇ ಹಿಡಿದು, ಪ್ರವೇಶದ ವಯಸ್ಸು ತುಂಬುವಂತೆ ಲೆಕ್ಕ ಹಾಕಿ ಗುರುಗಳು ದಾಖಲಾತಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕರ್ನಾಟಕದ ಉದ್ದಗಲಕ್ಕೂ ಇದೇ ಪದ್ಧತಿ.

ಆ ಒಂದು ಸಾಲಿನ ಫಲ ಐದಾರು ದಶಕಗಳ ನಂತರ ಕೈಗೆ ಬರುತ್ತದೆ. ತಿಂಗಳ ಮೊದಲ ದಿನ ಜನಿಸಿದ ಸರಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಹೀಗಾಗಿ ಮೇ 31 ಬಂತೆಂದರೆ ಊರೂರಿನಲ್ಲಿ ಬೀಳ್ಕೊಡುಗೆಯ ಹಾರ, ಶಾಲು. ವಯೋಮಿತಿ 2008ರಲ್ಲಿ 58ರಿಂದ 60ಕ್ಕೆ ಏರಿದರೂ ಆ ದಿನ ಬದಲಾಗಲಿಲ್ಲ. ಹಾರ ಬಾಡುವಷ್ಟರಲ್ಲಿ ಕಡತಗಳ ಸಾಲು ಶುರು: ಶಾಲೆಯಿಂದ ಶಿಕ್ಷಣ ಇಲಾಖೆಗೆ, ಅಲ್ಲಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ, ಮರಳಿ ಖಜಾನೆಗೆ. ಸೇವಾ ಪುಸ್ತಕದಲ್ಲಿ ಒಂದು ರಜೆಯ ನಮೂದಿಗೆ ಸಹಿ ಇಲ್ಲದಿದ್ದರೂ ಆಕ್ಷೇಪಣೆಯೊಡನೆ ಕಡತ ಹಿಂದಿರುಗುತ್ತದೆ.

ನಮಗಿಂತ ಹಿರಿಯ ಶಿಕ್ಷಕರ ಪಾಡು ಇನ್ನೂ ತೊಡಕಿನದು. ಹುಲಕೋಟಿ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿ ಸರಕಾರದಲ್ಲಿ ಸೇವೆಗೆ ಸೇರಿ ಮೈಸೂರು ರಾಜ್ಯದಲ್ಲಿ ಮುಂದುವರಿದವರ ಸೇವಾ ಪುಸ್ತಕದಲ್ಲಿ ಎರಡು ಸರಕಾರಗಳ ಬರವಣಿಗೆ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಜಿಲ್ಲೆಯಾಯಿತು. ಅದರಿಂದ ನಮಗೆ ಕಚೇರಿ ಹತ್ತಿರವಾಯಿತೆಂಬುದು ನಿಜ. ಆದರೆ ಹಳೆಯ ಕಾಗದ ಯಾವ ಕಪಾಟಿನಲ್ಲಿದೆಯೆಂದು ಕೇಳುವ ಕಡೆಗಳು ಎರಡಾದವು.

ಪಿಂಚಣಿ ಒಂದು ಕಾಲಕ್ಕೆ ದೊರೆಯ ಕೃಪೆಯಾಗಿತ್ತು. 1871ರ ಪಿಂಚಣಿ ಕಾಯ್ದೆ ಇಂಥ ದಾವೆಗಳನ್ನು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಹೊರಗೇ ಇಟ್ಟಿತ್ತು. ಬಿಹಾರದ ಶಿಕ್ಷಣ ಇಲಾಖೆಯಲ್ಲಿದ್ದ ದೇವಕೀನಂದನ ಪ್ರಸಾದರ ಮೊಕದ್ದಮೆಯಲ್ಲಿ 1971ರಲ್ಲಿ ಸುಪ್ರೀಂ ಕೋರ್ಟು ಪಿಂಚಣಿಯು ನೌಕರನ ಹಕ್ಕು, ಅವನ ಆಸ್ತಿ ಎಂದಿತು. 1982ರ ಡಿಸೆಂಬರ್ 17ರ ನಕಾರಾ ತೀರ್ಪನ್ನು ನಿವೃತ್ತರೆಲ್ಲರೂ ಬಲ್ಲರು. ಆ ದಿನವೇ ನಮ್ಮ ಪಿಂಚಣಿದಾರರ ದಿನ.

ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಹೆಚ್ಚು ಉಪಯೋಗದ್ದು 1984ರ ಪದ್ಮನಾಭನ್ ನಾಯರ್ ಪ್ರಕರಣ. ಕೇರಳದ ಈ ನೌಕರರು 1973ರಲ್ಲಿ ನಿವೃತ್ತರಾದರು. ಉಪದಾನದ ಹಣ ಕೈಗೆ ಬಂದದ್ದು 1975ರಲ್ಲಿ. ಅಂತಿಮ ವೇತನ ಪ್ರಮಾಣಪತ್ರ, ಬೇಬಾಕಿ ಪತ್ರಗಳು ಬಂದಿಲ್ಲವೆಂಬುದೇ ಕಾರಣ. ಆ ಪತ್ರಗಳನ್ನು ಕೊಡಬೇಕಾದದ್ದು ಇಲಾಖೆಯೇ ಹೊರತು ನಿವೃತ್ತನಲ್ಲ. ನಿವೃತ್ತಿಯ ಎರಡು ತಿಂಗಳ ನಂತರದ ವಿಳಂಬಕ್ಕೆ ಸರಕಾರ ಬಡ್ಡಿ ತೆರಬೇಕೆಂದು ನ್ಯಾಯಾಲಯ ಹೇಳಿತು. ಆಕ್ಷೇಪಣೆಗೆ ಉತ್ತರಿಸುವಾಗ ಈ ತೀರ್ಪನ್ನು ಉಲ್ಲೇಖಿಸಿ ನೋಡಿರಿ, ಭಾಷೆ ಮೆತ್ತಗಾಗುತ್ತದೆ.

ಇದೆಲ್ಲ ಸೇವಾ ಪುಸ್ತಕ ಇರುವವರ ಮಾತಾಯಿತು. ಹೊಲದಲ್ಲಿ ದುಡಿದು ಮುಪ್ಪಾದವರಿಗೆ ಸೇವಾ ಪುಸ್ತಕವೆಲ್ಲಿಯದು? 1995ರ ಆಗಸ್ಟ್ 15ರಂದು ಕೇಂದ್ರದ ವೃದ್ಧಾಪ್ಯ ಪಿಂಚಣಿ ಆರಂಭವಾದಾಗ ತಿಂಗಳಿಗೆ 75 ರೂಪಾಯಿ. 2007ರಲ್ಲಿ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಬಂತು. ಮನಿಆರ್ಡರಿನ ಕಾಲದಲ್ಲಿ ಕಟ್ಟೆಯ ಮೇಲೆ ಕುಳಿತು ಅಂಚೆಯವನ ದಾರಿ ಕಾಯುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ವಿಳಂಬದ ಅರ್ಥ ಬೇರೆಯವರು ಹೇಳಬೇಕಿಲ್ಲ. ಈಗ ಹಣ ಬ್ಯಾಂಕಿಗೆ ಬರುತ್ತದೆ. ಆದರೆ ಆಧಾರ್ ಕಾರ್ಡಿನಲ್ಲಿ ಒಂದು ವಯಸ್ಸು, ಮತದಾರರ ಪಟ್ಟಿಯಲ್ಲಿ ಇನ್ನೊಂದು. 65 ಆಗಿದೆಯೆಂದು ತೋರಿಸಲು ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಆ ಜೂನ್ 1 ಕೂಡ ಇಲ್ಲ.

ಇವರ ವಿಳಂಬಕ್ಕೂ ಬೆಲೆ ಕಟ್ಟಿದ ಕಾಯ್ದೆಯೊಂದಿದೆ. 'ಸಕಾಲ' ಎಂದು ಹೆಸರಾಗಿ 2012ರ ಏಪ್ರಿಲಿನಿಂದ ರಾಜ್ಯದಾದ್ಯಂತ ಜಾರಿಗೆ ಬಂದ 2011ರ ಕಾಯ್ದೆಯ ಪ್ರಕಾರ, ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಅದನ್ನು ಕೇಳಬೇಕಾದರೆ ಅರ್ಜಿಯ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿ ಕೈಯಲ್ಲಿರಬೇಕು. ನೆರೆಮನೆಯ ಅಜ್ಜಿಯ ಅರ್ಜಿಯನ್ನು ಯಾರಾದರೂ ಕಚೇರಿಗೆ ಒಯ್ದರೆ, ಆ ಚೀಟಿಯನ್ನು ತಂದು ಆಕೆಯ ಕೈಗೇ ಕೊಡಿರಿ.