ರಂಜಕದ ಲೆಕ್ಕ, ನೊಯ್ಯಲ್ ಕೆರೆಗಳ ಪಾಚಿ

ಪಾಚಿಯ ಅಧ್ಯಯನಕ್ಕೆ ಮದರಾಸು ಹಳೆಯ ನೆಲೆ. ಎಂ.ಒ.ಪಿ. ಅಯ್ಯಂಗಾರ್ ಅಲ್ಲಿ ಪಾಚಿಗಳ ಜಾತಿ ಗುರುತಿಸುತ್ತಿದ್ದ ಕಾಲದಲ್ಲೇ ಎಸ್.ವಿ. ಗಣಪತಿ ಅವರು ಸದಾ ಹಸಿರುಗಟ್ಟಿರುವ ಪುಷ್ಕರಣಿಯೊಂದರ ನೀರನ್ನು ಪರೀಕ್ಷಿಸಿ, ಅದರಲ್ಲಿದ್ದ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಬಗ್ಗೆ 1940ರಲ್ಲಿ ಬರೆದರು. ಅಷ್ಟರಲ್ಲಿ ಸ್ವೀಡನ್ನಿನ ನೌಮನ್, ಪೋಷಕಾಂಶ ಎಷ್ಟಿದೆ ಎಂಬುದರ ಮೇಲೆ ಸರೋವರಗಳನ್ನು ವಿಂಗಡಿಸಿಯಾಗಿತ್ತು.

ಪಾಚಿ ಹೆಚ್ಚುವುದರಲ್ಲಿ ಯಾವ ಪೋಷಕಾಂಶದ್ದು ಮುಖ್ಯ ಪಾತ್ರ ಎಂಬ ಜಗಳ ಮಾತ್ರ ಬಹುಕಾಲ ನಡೆಯಿತು. 1973ರಲ್ಲಿ ಕೆನಡಾದ ಡೇವಿಡ್ ಷಿಂಡ್ಲರ್ ತಂಡ '226' ಎಂಬ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿತು. ಒಂದು ಕಡೆಗೆ ಇಂಗಾಲ, ಸಾರಜನಕ. ಇನ್ನೊಂದು ಕಡೆಗೆ ಅವುಗಳ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ಮಾತ್ರ ನೀರು ಹಸಿರಾಯಿತು. ಬಟ್ಟೆ ಸೋಪಿನ ಪುಡಿಯ ಫಾಸ್ಫೇಟ್‌ಗೆ ಕಡಿವಾಣ ಬೇಕೆಂಬ ವಾದಕ್ಕೆ ಅದರ ವಿಮಾನಚಿತ್ರ ಒದಗಿಸಿದ ಬಲವನ್ನು ಯಾವ ಕೋಷ್ಟಕವೂ ಒದಗಿಸಲಿಲ್ಲ.

ಆದರೆ ಅದು ಚಳಿನಾಡಿನ ಸರೋವರ. ಕೊಯಮತ್ತೂರಿನ ಉಕ್ಕಡಂ ಪೆರಿಯಕುಳಂ, ವಾಲಾಂಕುಳಂ, ಸಿಂಗಾನಲ್ಲೂರು ಕೆರೆಗಳು ಆಳವಿಲ್ಲದವು, ಬೆಚ್ಚಗಿನವು, ಮನುಷ್ಯರು ಕಟ್ಟಿದವು. ವೆಳ್ಳಿಯಂಗಿರಿಯಿಂದ ಇಳಿದು ಕಾವೇರಿ ಸೇರುವ ನೊಯ್ಯಲ್ ನದಿಗೆ ಅಡ್ಡಗಟ್ಟೆ ಹಾಕಿ, ಕಾಲುವೆಯಲ್ಲಿ ತಿರುಗಿಸಿದ ನೀರು ಇವುಗಳಿಗೆ ಬರುತ್ತಿತ್ತು. ಈಗ ಬೇಸಿಗೆಯಲ್ಲಿ ಒಳಬರುವುದು ಬಹುಪಾಲು ಊರಿನ ಚರಂಡಿ. ಮಧ್ಯಾಹ್ನ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ನೀರಿನ ಪಿಎಚ್ ಅನ್ನು 9ರಾಚೆಗೂ ಏರಿಸಬಲ್ಲದು. ಆಗ ಚರಂಡಿಯ ಅಮೋನಿಯಾ ಮೀನಿಗೆ ವಿಷವಾಗುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ನಸುಕಿಗೆ ಮೀನು ಮೇಲೆ ಬಂದು ಬಾಯಿ ಬಡಿಯುವುದು, ಬೆಳಗಾಗುವಾಗ ಹೊಟ್ಟೆ ಮೇಲಾಗಿ ತೇಲುವುದು ಇದರಿಂದಲೇ.

ಚರಂಡಿ ತಿರುಗಿಸಿದರೆ ಸಾಲದೇ? ಸಾಲದು. ಹೂಳಿನಲ್ಲಿ ಕಬ್ಬಿಣ ಹಿಡಿದಿಟ್ಟ ರಂಜಕ, ತಳದಲ್ಲಿ ಆಮ್ಲಜನಕ ಮುಗಿದಾಗ ಬಿಡುಗಡೆಯಾಗುತ್ತದೆ. ಗಾಳಿಗೆ ಕದಡಿ ಮೇಲೂ ಬರುತ್ತದೆ. ಒಮ್ಮೆ ಪಾಚಿಯ ಕೈಗೆ ಹೋದ ಆಳವಿಲ್ಲದ ಕೆರೆಯನ್ನು ತಿಳಿಯಾಗಿಸಲು ಪೋಷಕಾಂಶವನ್ನು ಹಳೆಯ ಮಟ್ಟಕ್ಕಿಂತ ಎಷ್ಟೋ ಕೆಳಗಿಳಿಸಬೇಕು ಎಂದು ಮಾರ್ಟೆನ್ ಷೆಫರ್ ಮತ್ತು ಸಂಗಡಿಗರು 1993ರಲ್ಲಿ ವಿವರಿಸಿದ್ದು, ನನ್ನ ಮಟ್ಟಿಗೆ, ನಮ್ಮ ಕೆರೆಗಳಿಗೆ ಷಿಂಡ್ಲರ್ ಪರದೆಗಿಂತ ಹತ್ತಿರದ ಮಾತು.

ಸ್ಥಳೀಯ ಅಧ್ಯಯನ ತಡವಾಗಿ ಬಂತು. ಆನೈಕಟ್ಟಿಯ ಸಲೀಂ ಅಲಿ ಕೇಂದ್ರದವರು 2000ದಲ್ಲಿ ಕೊಯಮತ್ತೂರು ಕೆರೆಗಳ ಮಾಲಿನ್ಯದ ಬಗ್ಗೆ ಬರೆದರು. 2018ರಲ್ಲಿ ಉಕ್ಕಡಂ ಕೆರೆಯ ಪ್ರಾಣಿಪ್ಲವಕಗಳ ಋತುಮಾನದ ಏರಿಳಿತ ಪ್ರಕಟವಾಯಿತು. ಪಾಚಿಯನ್ನು ಮೇಯುವುದು ಈ ಸೂಕ್ಷ್ಮಜೀವಿಗಳೇ. ನೊಯ್ಯಲ್ ದಂಡೆಯ ತಿರುಪ್ಪೂರಿನಲ್ಲಂತೂ ಎಲ್ಲರ ಕಣ್ಣು ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರಿನ ಮೇಲೆ. ಆ ನೀರು ಸೇರಿ ನದಿಯ ಒರತ್ತುಪಾಳಯಂ ಅಣೆಕಟ್ಟು ಉಪ್ಪಿನ ತೊಟ್ಟಿಯಾಯಿತು, 2011ರಲ್ಲಿ ಮದರಾಸು ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಈ ಗದ್ದಲದಲ್ಲಿ ಮನೆಗಳ ಸಾರಜನಕ, ರಂಜಕದ ಮಾತು ಹಿಂದೆ ಬಿತ್ತು. 2024ರಲ್ಲಿ ರಾಮ್ಸರ್ ಜೌಗುತಾಣಗಳ ಪಟ್ಟಿಗೆ ಸೇರಿದ ತಿರುಪ್ಪೂರಿನ ನಂಜರಾಯನ್ ಕೆರೆಗೆ ಅದೇ ಈಗ ಕೇಳಬೇಕಾದ ಪ್ರಶ್ನೆ.

ಸ್ಮಾರ್ಟ್ ಸಿಟಿ ಯೋಜನೆ ಕೊಯಮತ್ತೂರಿನ ಕೆರೆದಂಡೆಗಳಿಗೆ ನಡಿಗೆದಾರಿ, ದೀಪ ತಂದಿದೆ. ಪಾಚಿಗೆ ಅದರಿಂದ ತೊಂದರೆಯೇನಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರನ್ನು ಜೊಂಡಿನ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಕ್ರಮ ಇದಕ್ಕಿಂತ ಕೆಲಸಕ್ಕೆ ಬರುತ್ತದೆ. ಹೂಳೆತ್ತುವುದೂ ಬೇಕು. ಹಿಂದೆ ರೈತರು ಅದನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಚರಂಡಿ ಹರಿದ ನಗರದ ಹೂಳಿನಲ್ಲಿ ಭಾರಲೋಹ ಇರಬಹುದಾದ್ದರಿಂದ ಈಗ ಮೊದಲು ಅದನ್ನು ಪರೀಕ್ಷೆಗೆ ಕಳಿಸಬೇಕು.