ತಗಡಿನಲ್ಲಿ ಮೂಡಿದ ಕಮಲಾಪುರ

ಬಹಳ ವರ್ಷಗಳ ಹಿಂದೆ ಕಲಬುರಗಿಯ ಕಲಾವಿದ ಮಿತ್ರರೊಬ್ಬರು ತಮ್ಮ ವರ್ಣಚಿತ್ರವೊಂದನ್ನು ನನ್ನ ಮುಂದಿರಿಸಿದರು. ಕಮಲಾಪುರದ ಹಾದಿಯ ನೋಟ: ಎರೆಹೊಲದ ತೊಗರಿ, ತಗ್ಗಿನಲ್ಲಿ ಕೆಂಬಾಳೆಯ ತೋಟ, ಅಂಚಿಗೆ ಒಂದು ಹುಣಸೆಯ ಮರ. ಕೆಳಗೆ ಪೆನ್ಸಿಲಿನಿಂದ ‘3/10’ ಎಂದು ಬರೆದಿತ್ತು. ಹತ್ತು ಪ್ರತಿಗಳಲ್ಲಿ ಮೂರನೆಯದೆಂದು ಅದರ ಅರ್ಥ. ‘ಅಂದರೆ ಇದು ನಕಲು’ ಎಂದು ನಾನು ಬದಿಗಿಟ್ಟೆ. ಅವರು ನಕ್ಕು, ‘ಹತ್ತು ಮಕ್ಕಳಿದ್ದ ಮನ್ಯಾಗ ಯಾರು ಅಸಲು, ಯಾರು ನಕಲು ಅಂತೀರಿ ಸರ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ, ಚಿತ್ರವನ್ನೂ ಕೊಳ್ಳಲಿಲ್ಲ. ಆ ಉತ್ತರವನ್ನು ಅರಸುತ್ತ ಹೋದಾಗ ಎದುರಾದ ಚರಿತ್ರೆಯನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ಎಚಿಂಗ್ ಎಂಬ ಈ ಮುದ್ರಣಕಲೆಯಲ್ಲಿ ಸತುವಿನ ಅಥವಾ ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯ ಮೊನೆಯಿಂದ ಚಿತ್ರವನ್ನು ಗೀರುತ್ತಾರೆ. ಆಮ್ಲದಲ್ಲಿ ಅದ್ದಿದಾಗ ಮೇಣ ಹರಿದ ಕಡೆ ಮಾತ್ರ ಲೋಹ ಸವೆಯುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗುತ್ತದೆ, ಅಚ್ಚಿನಲ್ಲಿ ಗಾಢವಾಗುತ್ತದೆ. ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ನೆನೆದ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಬೇಕು. ಪ್ರತಿಯೊಂದು ಅಚ್ಚಿಗೂ ಈ ತುಂಬುವ, ಒರೆಸುವ ಕೆಲಸ ಮೊದಲಿನಿಂದ ಆಗಬೇಕು. ಆದುದರಿಂದ ಹತ್ತೂ ಒಡಹುಟ್ಟಿದವೇ ಹೊರತು, ಒಂದು ಇನ್ನೊಂದರ ನಕಲಲ್ಲ.

ಈ ವಿದ್ಯೆ ನಮ್ಮ ಸೀಮೆಗೆ ಪೂರ್ತಿ ಹೊಸತೂ ಅಲ್ಲ. ಕಮಲಾಪುರ ದಾಟಿ, ಹುಮನಾಬಾದಿನ ಮೇಲೆ ಮುಂದೆ ಸಾಗಿದರೆ ಬೀದರ. ಅಲ್ಲಿಯ ಬಿದರಿ ಕುಶಲಕರ್ಮಿಯೂ ಸತುವು, ತಾಮ್ರಗಳ ಮಿಶ್ರಲೋಹವನ್ನೇ ಕೊರೆಯುತ್ತಾನೆ. ಕೊರೆದ ತಗ್ಗಿನಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾನೆ. ಅವನ ತಗ್ಗು ಬೆಳ್ಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುದ್ರಣಕಾರನ ತಗ್ಗು ಶಾಯಿಯನ್ನು ಕಾಗದಕ್ಕೆ ಬಿಟ್ಟುಕೊಡುತ್ತದೆ. ಕೊರೆಯುವ ಕೈ ನಮ್ಮಲ್ಲಿತ್ತು. ಕಾಗದಕ್ಕೆ ಒತ್ತುವ ಯಂತ್ರ ಪರರಲ್ಲಿತ್ತು.

ಥಾಮಸ್ ಮತ್ತು ವಿಲಿಯಂ ಡೇನಿಯಲ್ 1795ರಿಂದ 1808ರವರೆಗೆ ಭಾರತದ ನೋಟಗಳ 144 ಆಕ್ವಾಟಿಂಟ್ ಚಿತ್ರಗಳನ್ನು ಲಂಡನ್ನಿನಲ್ಲಿ ಹೊರತಂದರು. ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ರಚಿಸಿದ ದಖನ್ನಿನ ಚಿತ್ರಗಳೂ 1837ರಲ್ಲಿ ಕಲ್ಲಚ್ಚಿನಲ್ಲಿ ಮೂಡಿದ್ದು ಲಂಡನ್ನಿನಲ್ಲಿಯೇ. ನಮ್ಮ ನೆಲ ಪರರ ಕಣ್ಣಿಗೆ ಕಂಡಂತೆ, ಪರರ ಓದುಕೋಣೆಗಳಿಗಾಗಿ ಅಚ್ಚಾಯಿತು.

1916ರಲ್ಲಿ ವಂಗದೇಶದ ಮುಕುಲ್ ದೇ ಅಮೆರಿಕಕ್ಕೆ ಹೋಗಿ ಎಚಿಂಗ್ ಕಲಿತರು. ಸ್ವಾತಂತ್ರ್ಯಾನಂತರ ಬರೋಡದ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ ಈ ಕಲೆಯ ಗರಡಿಯಾಯಿತು. 1956ರವರೆಗೆ ನಮ್ಮೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಮೆದಕ್ ಜಿಲ್ಲೆಯ ಕೆ. ಲಕ್ಷ್ಮಾ ಗೌಡ್ ಅಲ್ಲಿ ಕಲಿತು ಹಳ್ಳಿಯ ಬದುಕನ್ನೇ ತಗಡಿಗಿಳಿಸಿದರು. ಕಲಬುರಗಿಯ ವಿಜಯ್ ಬಾಗೋಡಿ ಅಲ್ಲಿಯೇ ಮುದ್ರಣಕಲೆಯ ಅಧ್ಯಾಪಕರಾದರು.

ಬಣ್ಣದ ತೊಡಕು ಬೇರೆಯೇ. ಬಣ್ಣಕ್ಕೊಂದು ತಗಡು ಮಾಡುವುದು ಹಳೆಯ ರೂಢಿ. ಪ್ಯಾರಿಸ್ಸಿನ ‘ಅತೆಲಿಯೇ 17’ ಕಾರ್ಯಾಗಾರದಲ್ಲಿ ಚಿತ್ತೂರು ಜಿಲ್ಲೆಯ ಕೃಷ್ಣ ರೆಡ್ಡಿ ಮತ್ತು ಕೈಕೋ ಮೋತಿ ಇನ್ನೊಂದು ದಾರಿ ಕಂಡರು. ಎಣ್ಣೆ ಹೆಚ್ಚು ಬೆರೆತ ಶಾಯಿಯೂ ಕಡಿಮೆ ಬೆರೆತ ಶಾಯಿಯೂ ಒಂದಾಗಲೊಲ್ಲವು. ಗಟ್ಟಿಯ ಉರುಳೆ ತಗಡಿನ ದಿಣ್ಣೆಯನ್ನಷ್ಟೇ ಮುಟ್ಟುತ್ತದೆ, ಮೆತ್ತನೆಯದು ತಗ್ಗಿಗೂ ಇಳಿಯುತ್ತದೆ. ಹೀಗೆ ಒಂದೇ ತಗಡು ಒಂದೇ ಒತ್ತಿನಲ್ಲಿ ಹಲವು ಬಣ್ಣಗಳನ್ನು ಕೊಡುತ್ತದೆ. ನನ್ನ ಮಿತ್ರರ ಎರೆಮಣ್ಣಿನ ಕಪ್ಪೂ ಬಾಳೆಯ ಕೆಂಪೂ ಹೀಗೆಯೇ ಒಂದೇ ಲೋಹದಿಂದ ಹುಟ್ಟಿದ್ದವು.

ಇಷ್ಟು ತಿಳಿದ ಮೇಲೆ ಅವರ ಮನೆಗೆ ಹೋಗಿ ಆ ಚಿತ್ರವನ್ನು ಕೇಳಿದೆ. ‘ತಗಡು ರದ್ದಾಯ್ತ್ರಿ ಸರ’ ಎಂದರು. ಹೇಳಿದಷ್ಟು ಪ್ರತಿ ತೆಗೆದ ಮೇಲೆ ಮತ್ತೆ ಅಚ್ಚಾಗದಂತೆ ತಗಡಿನ ಮೇಲೆ ಅಡ್ಡಗೀಟು ಎಳೆದುಬಿಡುವುದು ಈ ಕಲೆಯ ಧರ್ಮ. ಹತ್ತೂ ಪ್ರತಿಗಳು ಹತ್ತು ಮನೆ ಸೇರಿದ್ದವು. ಕೊಂಡವರು ಹೆಚ್ಚಾಗಿ ಉಪಾಧ್ಯಾಯರು, ಗುಮಾಸ್ತರು. ಒಂದೇ ಪ್ರತಿಯ ಚಿತ್ರವಾಗಿದ್ದರೆ ಇಂಥವರ ಕೈಗೆ ಎಟುಕುತ್ತಿತ್ತೆ?

ಮರುದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ರಸ್ತೆ ಅಗಲವಾಗಿತ್ತು, ಹುಣಸೆಯ ಮರ ಇರಲಿಲ್ಲ. ಆ ಮರ ಈಗ ಹತ್ತು ಮನೆಗಳ ಗೋಡೆಯ ಮೇಲಿದೆ. ನನ್ನ ಮನೆಯಲ್ಲಿ ಮಾತ್ರ ಇಲ್ಲ.