ಹಗೇವು ಯಾರದು?

ನಮ್ಮ ವಿಜಯಪುರ ಸೀಮೆಯ ಹಳೆಯ ವಾಡೆಗಳ ಅಂಗಳದಲ್ಲಿ ಕೆಲವು ಕಡೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ. ಕೆಳಗೆ ಹಗೇವು ಇರುತ್ತದೆ. ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಹೋದಂತೆ ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಒಣಗಿದ ಕಣಕಿ, ಹೊಟ್ಟು ಒತ್ತಿ ಬಿಳಿಜೋಳ ಸುರಿಯುತ್ತಿದ್ದರು. ಮೇಲೆ ಹಾಸುಗಲ್ಲು, ಅದರ ಮೇಲೆ ಮಣ್ಣು. ಗಾಳಿಯಾಡದೆ ಹುಳ ಸಾಯುತ್ತಿತ್ತು, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಮನುಷ್ಯನಿಗೂ ಅದೇ ಗಂಡಾಂತರ. ಕಲ್ಲು ಸರಿಸಿ ತಾಸುಗಟ್ಟಲೆ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರಷ್ಟೇ ಆಳು ಇಳಿಯುತ್ತಿದ್ದ.

“ಗ್ವಾಡಿಗೆ ಹತ್ತಿದ ಜ್ವಾಳ ಮುಗ್ಗಿರತಿತ್ತು. ಅದನ್ನ ಆಳುಮಕ್ಕಳಿಗೆ ಕೊಡತಿದ್ರು” ಎನ್ನುತ್ತಿದ್ದಳು ನಮ್ಮ ಆಯಿ.

ಹಗೇವಿನ ಗುಣಗಾನ ಮಾಡುವವರು ಈ ಮಾತನ್ನು ಮರೆಯುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ಸಮೀಕ್ಷಕ ಬುಕಾನನ್ ರಾಗಿಯ ಹಗೇವುಗಳ ಬಗ್ಗೆ ಬರೆದಿದ್ದಾನೆ. ಆ ಜಾಣ್ಮೆ ದೊಡ್ಡದೇ. ಆದರೆ ನಮ್ಮ ಕಡೆ ದೊಡ್ಡ ಹಗೇವುಗಳೆಲ್ಲ ಗೌಡರ, ಸಾಹುಕಾರರ ಅಂಗಳದಲ್ಲಿದ್ದವು. ಬರಗಾಲದಲ್ಲಿ ಜೋಳ ಸಿಗುತ್ತಿತ್ತು, ದೀಡಿಯ ಲೆಕ್ಕದಲ್ಲಿ: ಒಂದು ಚೀಲ ಒಯ್ದವನು ಸುಗ್ಗಿಗೆ ಒಂದೂವರೆ ಅಳೆಯಬೇಕು. ಅಷ್ಟಾದರೂ ಕಾಳು ಊರಲ್ಲೇ ಇರುತ್ತಿತ್ತು.

ಆಮೇಲೆ ಅದೂ ತಪ್ಪಿತು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹತ್ತಿಯ ಬೆಲೆ ಏರಿ, ಜೋಳದ ಎರೆಹೊಲ ಎಷ್ಟೋ ಹತ್ತಿಗೆ ಹೋದವು. ಕಂದಾಯಕ್ಕೆ ರೊಕ್ಕವೇ ಬೇಕು, ರೊಕ್ಕಕ್ಕೆ ಕಾಳು ಮಾರಲೇಬೇಕು. 1876ರಲ್ಲಿ ಮಳೆ ಕೈಕೊಟ್ಟಾಗ ಧಾರಣೆ ಗಗನಕ್ಕೇರಿತು, ಕೂಲಿಯವರ ಕೈಯಲ್ಲಿ ಕಾಸಿರಲಿಲ್ಲ. 1872ರ ಎಣಿಕೆಯಲ್ಲಿ 8 ಲಕ್ಷದ ಆಸುಪಾಸು ಜನರಿದ್ದ, ನಮ್ಮ ಸೀಮೆಯೂ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯಲ್ಲಿ 1881ರಲ್ಲಿ ಉಳಿದವರು ಆರೂವರೆ ಲಕ್ಷದೊಳಗೆ. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ! ಅದರ ಮೇಲೆ ಬಂದದ್ದು ಗದಗ–ಹೊಟಗಿ ರೈಲು, 1884ರಲ್ಲಿ. ಬರಗಾಲಕ್ಕೆ ಕಾಳು ತರಲೆಂದು ಹಾಕಿದ ಹಳಿ. ಕಾಳು ಒಯ್ಯುವುದಕ್ಕೂ ಅದೇ ಹಳಿ.

ಆಮೇಲೆ ರೇಷನ್ ಅಂಗಡಿ ಬಂತು, ಅಕ್ಕಿ ಬಂತು, ಹಗೇವುಗಳಿಗೆ ಮಣ್ಣು ತುಂಬಿದರು. ರೇಷನ್ ಜೀವ ಉಳಿಸಿದೆ, ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ಜೋಳ ಬೆಳೆಯುವ ನೆಲದವರು ಅಕ್ಕಿಯ ಲಾರಿಗೆ ಕಾಯುವುದು ನನಗೆ ಸಂಕಟ.

ಬೇರೆ ದಾರಿಯೂ ಇತ್ತು. ಬೀದರಿನ ಗಡಿಯಾಚೆ, ಜಹೀರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ, 1990ರ ದಶಕದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಂಗಸರು ಬೀಳುಬಿದ್ದ ಹೊಲಗಳನ್ನು ಉಳುಮೆಗೆ ತರಿಸಿದರು. ಹೊಲದವರು ಅದಕ್ಕಾಗಿ ಸಂಘದಿಂದ ಪಡೆದ ಮುಂಗಡವನ್ನು ಜೋಳದಲ್ಲೇ ತೀರಿಸಬೇಕಿತ್ತು. ಆ ಜೋಳವನ್ನು ಊರಲ್ಲೇ ಕೂಡಿಟ್ಟು, ಕೆಲಸವಿಲ್ಲದ ತಿಂಗಳುಗಳಲ್ಲಿ ಕಡಿಮೆ ದರಕ್ಕೆ ಬಡವರಿಗೆ ಅಳೆದರು. ಯಾವ ಮನೆ ಬಡವರದು ಎಂದು ತೀರ್ಮಾನಿಸಿದವರೂ ಆ ಹೆಂಗಸರೇ.